ಐಶ್ಯಾಡೋ ಪ್ರೈಮರ್ ನಮ್ಮ ಕಡೆಯ ಬಿಸಿಲಿಗೆ ನಿಲ್ಲುತ್ತದೆಯೇ? ಒಂದೇ ಕಣ್ಣಿಗೆ ಹಚ್ಚಿ ನೋಡಿದ್ದೇನೆ

ಉಣಕಲ್ ಕಡೆಯವಳು (ಹುಬ್ಬಳ್ಳಿ)

ಐಶ್ಯಾಡೋ ಪ್ರೈಮರ್, ಅಂದರೆ ಕಣ್ಣಿನ ಬಣ್ಣ ನಿಲ್ಲಲೆಂದು ಅದಕ್ಕೂ ಮೊದಲು ರೆಪ್ಪೆಗೆ ಹಚ್ಚುವ ತಳಲೇಪ, ಕೊಳ್ಳಬೇಕೇ ಬೇಡವೇ ಎಂದು ಇಲ್ಲಿ ಆಗಾಗ ಯಾರಾದರೂ ಕೇಳುತ್ತಾರೆ. ‘ಚೆನ್ನಾಗಿದೆ, ತೆಗೆದುಕೊಳ್ಳಿ’ ಎಂದು ಯಾರೋ ಉತ್ತರಿಸುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಅಷ್ಟರಿಂದ ನನಗೆ ಸಮಾಧಾನವಾಗಲಿಲ್ಲ. ಅದಕ್ಕೇ ಹಾವೇರಿಯಲ್ಲಿ ನಾದಿನಿಯ ಮದುವೆಯ ದಿನ ಬಲಗಣ್ಣಿನ ರೆಪ್ಪೆಗೆ ಪ್ರೈಮರ್ ಹಚ್ಚಿ, ಎಡಗಣ್ಣಿನ ರೆಪ್ಪೆಯನ್ನು ಬರಿದೇ ಬಿಟ್ಟು, ಎರಡಕ್ಕೂ ಒಂದೇ ಪ್ಯಾಲೆಟ್ಟಿನ ಬಣ್ಣ ಹಚ್ಚಿಕೊಂಡೆ. ರೆಪ್ಪೆಯ ತುಂಬ ಇಟ್ಟಿಗೆಗೆಂಪು ಮ್ಯಾಟ್ (ಹೊಳಪಿಲ್ಲದ ಬಣ್ಣ), ನಡುವೆ ಸ್ವಲ್ಪ ಹೊಂಬಣ್ಣದ ಶಿಮ್ಮರ್ (ಮಿನುಗುವ ಬಣ್ಣ).

ಮೇ ತಿಂಗಳು, ಎಸಿ ಇಲ್ಲದ ಕಲ್ಯಾಣ ಮಂಟಪ, ಮೇಲೆ ತಗಡಿನ ಚಾವಣಿ. ಬೆಳಿಗ್ಗೆ ಎಂಟಕ್ಕೆ ಹಚ್ಚಿದ್ದು. ಸುರಗಿ ಶಾಸ್ತ್ರ ಮುಗಿಯುವವರೆಗೆ ಎರಡೂ ಕಣ್ಣು ಒಂದೇ ತೆರನಾಗಿದ್ದವು. ಅಕ್ಷತೆಯ ಹೊತ್ತಿಗೆ ಕನ್ನಡಿ ನೋಡಿದರೆ ಎಡಗಣ್ಣಿನ ಮಡಿಕೆಯಲ್ಲಿ ಕೆಂಪು ಬಣ್ಣ ಸಣ್ಣ ಗೆರೆಯಾಗಿ ಕೂಡಿಕೊಂಡಿತ್ತು. ಗೆರೆಯ ಮೇಲೂ ಕೆಳಗೂ ಚರ್ಮ ಬರಿದಾಗಿ ಎಣ್ಣೆಯಿಂದ ಹೊಳೆಯುತ್ತಿತ್ತು. ಶಿಮ್ಮರಿನ ಕಣಗಳು ಕೆನ್ನೆಯ ಮೂಳೆಯ ಮೇಲೆ ಉದುರಿದ್ದವು. ಬಲಗಣ್ಣಿನಲ್ಲಿ ಬಣ್ಣ ಹಚ್ಚಿದಲ್ಲಿಯೇ ಇತ್ತು. ಪಂಕ್ತಿಯಲ್ಲಿ ಹೋಳಿಗೆ ಬಡಿಸಿ, ಅಡುಗೆಮನೆಯ ಹೊಗೆಗೂ ಒಡ್ಡಿಕೊಂಡು ಬಂದ ಮೇಲೂ ಅದು ಕದಲಿರಲಿಲ್ಲ. ಹೆಣ್ಣು ಒಪ್ಪಿಸುವಾಗ ಎಲ್ಲರೂ ಅತ್ತೆವು. ಆಗ ಬಲಗಣ್ಣಿನ ಒಳಮೂಲೆಯಲ್ಲಿ ಮಾತ್ರ ಕೊಂಚ ಮಾಸಿತು, ಉಳಿದದ್ದು ರಾತ್ರಿ ತೊಳೆಯುವವರೆಗೂ ನಿಂತಿತ್ತು.

ಕಾರಣ ತಿಳಿದರೆ ಉಪಯೋಗ ಹೆಚ್ಚು. ರೆಪ್ಪೆಯ ಚರ್ಮ ನಮ್ಮ ಮೈಯಲ್ಲಿಯೇ ಅತಿ ತೆಳುವಾದದ್ದು, ಸುಮಾರು ಅರ್ಧ ಮಿಲಿಮೀಟರ್. ದಿನಕ್ಕೆ ಸಾವಿರಾರು ಸಲ ಮಡಚಿ ಬಿಚ್ಚಿಕೊಳ್ಳುತ್ತದೆ. ಐಶ್ಯಾಡೋ ಎಂದರೆ ಅಭ್ರಕ, ಟಾಲ್ಕ್, ಕಬ್ಬಿಣದ ಆಕ್ಸೈಡ್ ಮುಂತಾದ ಪುಡಿಗಳನ್ನು ತುಸು ಎಣ್ಣೆಯಂಶದಿಂದ ಹಿಡಿದಿಟ್ಟಿರುವ ವಸ್ತು. ಚರ್ಮದ ಎಣ್ಣೆಯೂ ಬೆವರೂ ಸೇರಿದಾಗ ಆ ಹಿಡಿತ ಸಡಿಲುತ್ತದೆ. ಸಡಿಲಾದ ಪುಡಿಯನ್ನು ಪ್ರತಿ ಸಲ ಕಣ್ಣು ಮುಚ್ಚಿ ತೆರೆದಾಗಲೂ ಮಡಿಕೆಯೇ ತನ್ನೊಳಗೆ ಎಳೆದುಕೊಳ್ಳುತ್ತದೆ. ಪ್ರೈಮರಿನಲ್ಲಿ ಬೇಗ ಆರಿಹೋಗುವ ದ್ರವವೊಂದು ಇರುತ್ತದೆ, ಬಹುಪಾಲು ಐಸೋಡೋಡೆಕೇನ್ ಅಥವಾ ಸೈಕ್ಲೋಪೆಂಟಾಸಿಲೋಕ್ಸೇನ್. ಅದು ಆರಿದ ಮೇಲೆ ಸಿಲಿಕೋನಿನ ತೆಳುವಾದ, ಬಾಗುವ ಪೊರೆ ಉಳಿಯುತ್ತದೆ. ಸಿಲಿಕಾ, ಕೇಯೊಲಿನ್‌ನಂಥ ಪುಡಿಗಳು ಎಣ್ಣೆಯನ್ನು ಹೀರಿಕೊಳ್ಳುತ್ತವೆ.

ಇನ್ನೊಂದು ಲಾಭದ ಬಗ್ಗೆ ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ಬಹಳ ಜನರ ರೆಪ್ಪೆ ಮುಖಕ್ಕಿಂತ ಕಪ್ಪು. ಇಟ್ಟಿಗೆಗೆಂಪು ಬರಿ ರೆಪ್ಪೆಯ ಮೇಲೆ ಕಂದಾಗಿ ಕಂಡಿತು. ಚರ್ಮದ ಬಣ್ಣದ ಪ್ರೈಮರಿನ ಮೇಲೆ ಅದೇ ಪುಡಿ ಡಬ್ಬಿಯಲ್ಲಿ ಕಂಡಷ್ಟೇ ಕೆಂಪಾಗಿ ಬಂತು. ದಾಳಿಂಬೆ ಬಣ್ಣದ ಇಳಕಲ್ ಸೀರೆಗೆ ಹೊಂದಿಸಲು ಎಷ್ಟೋ ಕಾಲದಿಂದ ಹುಡುಕುತ್ತಿದ್ದ ಬಣ್ಣ ಅದು!

ನನ್ನ ರೆಪ್ಪೆ ಎಣ್ಣೆಯದು. ಬೇರೆ ಬಗೆಯ ಚರ್ಮದವರು, ಬೇರೆ ಊರಿನವರು ದಯವಿಟ್ಟು ನಿಮ್ಮ ಅನುಭವ ಬರೆಯಿರಿ.

ಸಪ್ತಾಪುರ ಹಾಸ್ಟೆಲ್ (ಧಾರವಾಡ)

ಅಕ್ಕಾ, ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದ. ನಾನು ಓದುತ್ತಿರುವವಳು, ಹೊರದೇಶದ ಕಂಪನಿಗಳ ಸಾವಿರದ ಮೇಲಿನ ಟ್ಯೂಬು ನನ್ನ ಕೈಗೆ ಎಟುಕದು. ನನ್ನಲ್ಲಿ ಮುಖದ ಪ್ರೈಮರ್ ಇದೆ, ಕಲೆ ಮರೆಸುವ ಕನ್ಸೀಲರ್ ಇದೆ. ಇವೆರಡರಲ್ಲಿ ಯಾವುದಾದರೂ ಸಾಕಾಗುತ್ತದೆಯೇ? ಗೆಳತಿಯೊಬ್ಬಳು ಪೆಟ್ರೋಲಿಯಂ ಜೆಲ್ಲಿ ಹಚ್ಚು ಎನ್ನುತ್ತಾಳೆ.

ಇನ್ನೊಂದು ಮಾತು. ಸುಭಾಷ್ ರಸ್ತೆಯ ಅಂಗಡಿಯೊಂದರಲ್ಲಿ ಮುಂಗೈ ಮೇಲೆ ಪ್ರೈಮರ್ ಹಚ್ಚಿ, ಮೇಲೆ ಬಣ್ಣ ಎಳೆದು, ಒದ್ದೆ ಬೆರಳಿನಿಂದ ಉಜ್ಜಿ ತೋರಿಸಿದರು. ಏನೂ ಅಳಿಸಲಿಲ್ಲ. ಅದನ್ನು ನಂಬಬಹುದೇ?

ದಾಜಿಬಾನ ಪೇಟೆ ಪಾರ್ಲರ್ (ಹುಬ್ಬಳ್ಳಿ)

ತಂಗಿ, ಮೊದಲು ಕೊನೆಯ ಪ್ರಶ್ನೆಗೆ ಬರುತ್ತೇನೆ. ಕೊಳ್ಳುವವರ ಹಣ ಹೆಚ್ಚಾಗಿ ಹಾಳಾಗುವುದು ಅಲ್ಲಿಯೇ. ಅಂಗೈಯಲ್ಲಿ ಎಣ್ಣೆಯ ಗ್ರಂಥಿಗಳೇ ಇಲ್ಲ, ಮುಂಗೈ ಮೇಲೆಯೂ ಮುಖಕ್ಕಿಂತ ತೀರ ಕಡಿಮೆ. ಕೈ ರೆಪ್ಪೆಯಂತೆ ಮಡಚುವುದೂ ಇಲ್ಲ. ಕೈ ಮೇಲಿನ ಪರೀಕ್ಷೆಯಿಂದ ಬಣ್ಣ ಎಷ್ಟು ಗಾಢವಾಗಿ ಏಳುತ್ತದೆ ಎಂಬುದು ಗೊತ್ತಾಗುತ್ತದೆ, ನೀರಿಗೆ ನಿಲ್ಲುತ್ತದೆಯೇ ಎಂಬುದೂ ಗೊತ್ತಾಗುತ್ತದೆ. ಮಡಿಕೆಗೆ ಇಳಿಯುತ್ತದೆಯೇ ಎಂಬುದು ಮಾತ್ರ ಗೊತ್ತಾಗುವುದಿಲ್ಲ. ನಾನು ಕೊಳ್ಳುವಾಗ ಕೈ ಮೇಲೆ ತುಸು ಹಚ್ಚಿ, ಆರಲು ಬಿಟ್ಟು, ಆ ಜಾಗದ ಚರ್ಮವನ್ನು ಎರಡು ಬೆರಳಿನಿಂದ ಚಿವುಟಿ ಬಿಡುತ್ತೇನೆ. ಪೊರೆ ಬಿರಿದು ಬಿಳಿ ಗೆರೆ ಮೂಡಿದರೆ ಆ ಟ್ಯೂಬನ್ನು ಅಲ್ಲಿಯೇ ಇಟ್ಟು ಬರುತ್ತೇನೆ.

ಪೆಟ್ರೋಲಿಯಂ ಜೆಲ್ಲಿಯ ಆಲೋಚನೆಯನ್ನು ಬಿಟ್ಟುಬಿಡು. ಎಣ್ಣೆಯಿಂದ ಜಾರುವ ಬಣ್ಣಕ್ಕೆ ಎಣ್ಣೆಯನ್ನೇ ತಳಕ್ಕೆ ಕೊಟ್ಟರೆ ಅದು ನಿಲ್ಲುವುದಾದರೂ ಹೇಗೆ? ಮುಖದ ಪ್ರೈಮರ್ ಮಾಡುವ ಕೆಲಸ ಬೇರೆ. ರಂಧ್ರಗಳನ್ನು ತುಂಬಿ ಚರ್ಮವನ್ನು ನುಣುಪಾಗಿಸುವುದು ಅದರ ಗುರಿ, ಹಾಗಾಗಿ ಅದರಲ್ಲಿ ಜಾರುಗುಣ ಹೆಚ್ಚು. ರೆಪ್ಪೆಯ ಮೇಲೆ ಬೇಕಾದದ್ದು ಅಂಟುಗುಣ. ಕೆಲವು ಮುಖದ ಪ್ರೈಮರುಗಳಲ್ಲಿ ಸುಗಂಧವೂ ಇರುತ್ತದೆ, ಕಣ್ಣಿಗೆ ಉರಿ.

ಕನ್ಸೀಲರ್ ಪರವಾಗಿಲ್ಲ, ಎರಡು ಷರತ್ತು ಇವೆ. ಕೆನೆಯಂತೆ ದಪ್ಪಗಿರುವ ಡಬ್ಬಿಯದು ಬೇಡ, ಬೇಗ ಆರುವ ದ್ರವರೂಪದ್ದು ಇರಲಿ. ತೀರ ತೆಳುವಾಗಿ ಹಚ್ಚಿದ ಕೂಡಲೇ ಲೂಸ್ ಪೌಡರ್ ಒತ್ತು. ತರಗತಿಗೆ, ಸಂಜೆಯ ಕಾರ್ಯಕ್ರಮಕ್ಕೆ ಅದು ಸಾಕು. ದಿನವಿಡೀ ನಡೆಯುವ ಮದುವೆಗೆ ಸಾಲದು.

ಮದುಮಗಳಿಗೆ ನಾನು ಮಾಡುವ ರೀತಿ ಹೇಳುತ್ತೇನೆ. ರೆಪ್ಪೆಯ ಮೇಲೆ ಬೆಳಗಿನ ಅರಿಷಿಣದ ಎಣ್ಣೆ ಉಳಿದೇ ಇರುತ್ತದೆ, ಅರಿಷಿಣ ತೊಳೆದವರು ರೆಪ್ಪೆಯನ್ನು ಸರಿಯಾಗಿ ತೊಳೆದಿರುವುದಿಲ್ಲ. ಮೊದಲು ಹತ್ತಿಯಿಂದ ಒರೆಸಿ ಒಣಗಿಸಬೇಕು. ಆಮೇಲೆ ಅರ್ಧ ಅಕ್ಕಿಕಾಳಿನಷ್ಟು ಪ್ರೈಮರನ್ನು ಉಂಗುರಬೆರಳಿನ ತುದಿಗೆ ತೆಗೆದುಕೊಂಡು, ಎವೆಯ ಬುಡದಿಂದ ಹುಬ್ಬಿನ ಮೂಳೆಯವರೆಗೆ ತಟ್ಟುತ್ತಾ ಹರಡುತ್ತೇನೆ. ಉಜ್ಜುವುದಿಲ್ಲ. ಆರುವವರೆಗೆ ಆಕೆ ಕೆಳಗೆ ನೋಡುತ್ತಿರಬೇಕು, ಸುಮಾರು ಒಂದು ನಿಮಿಷ. ಆರುವ ಮೊದಲೇ ಕಣ್ಣು ಪೂರ್ತಿ ತೆರೆದರೆ ಹಸಿ ಪೊರೆ ಮಡಿಕೆಯಲ್ಲಿ ಅಂಟಿ ಅಲ್ಲಿಯೇ ಗೆರೆ ಬೀಳುತ್ತದೆ. ಆ ಗೆರೆಯ ಮೇಲೆ ಎಷ್ಟು ಬಣ್ಣ ಹಚ್ಚಿದರೂ ಅದು ಕಾಣುತ್ತಲೇ ಇರುತ್ತದೆ.

ಮ್ಯಾಟ್ ಬಣ್ಣಕ್ಕೆ ಇನ್ನೊಂದು ಹೆಜ್ಜೆ ಇದೆ. ಅಂಟು ಉಳಿದ ಪ್ರೈಮರಿನ ಮೇಲೆ ಮ್ಯಾಟ್ ಪುಡಿ ಹಚ್ಚಿದರೆ ಬ್ರಷ್ ಮೊದಲು ಮುಟ್ಟಿದಲ್ಲಿಯೇ ಬಣ್ಣ ಕಚ್ಚಿಕೊಂಡು ಕಲೆಯಾಗುತ್ತದೆ. ಆದ್ದರಿಂದ ಚರ್ಮದ ಬಣ್ಣದ ಪುಡಿಯನ್ನು ಒಮ್ಮೆ ಲಘುವಾಗಿ ಸವರಿ, ಆಮೇಲೆ ಬೇಕಾದ ಬಣ್ಣ. ಶಿಮ್ಮರಿಗೆ ಇದು ತಲೆಕೆಳಗು. ಅದರ ಅಭ್ರಕದ ಚಪ್ಪಟೆ ಚೂರುಗಳಿಗೆ ಅಂಟೇ ಬೇಕು. ಹಾಗಾಗಿ ಶಿಮ್ಮರ್ ಕೂರಬೇಕಾದ ನಡುಭಾಗದಲ್ಲಿ ಪುಡಿ ಸವರದೆ, ಬೆರಳಿನಿಂದಲೇ ಒತ್ತಿ ಕೂರಿಸಬೇಕು.

ಹಾವೇರಿ ಗುತ್ತಲ ರಸ್ತೆ

ನನ್ನ ರೆಪ್ಪೆ ಒಣಗಿದ್ದು. ಪ್ರೈಮರ್ ಹಚ್ಚಿದರೆ ಮಧ್ಯಾಹ್ನದ ಹೊತ್ತಿಗೆ ಬಿಗಿಯುತ್ತದೆ, ಸಣ್ಣ ಹೊಟ್ಟು ಏಳುತ್ತದೆ. ಬರಿ ರೆಪ್ಪೆಯ ಮೇಲೆ ಬಣ್ಣ ಸಂಜೆಯವರೆಗೆ ಚೆನ್ನಾಗಿಯೇ ಇರುತ್ತದೆ. ನನ್ನಂಥವರು ಹಣ ಉಳಿಸಿಕೊಳ್ಳಿ.

ಮಾಳಮಡ್ಡಿ ವಿಜ್ಞಾನ ಶಿಕ್ಷಕಿ (ಧಾರವಾಡ)

ಉಣಕಲ್ ಕಡೆಯವರ ಪ್ರಯೋಗ ಚೆನ್ನಾಗಿದೆ, ಆದರೆ ಒಂದು ಆಕ್ಷೇಪ ಇದೆ. ಎರಡು ಕಣ್ಣು ಎಲ್ಲ ವಿಷಯದಲ್ಲೂ ಸಮನಲ್ಲ. ಒಂದು ರೆಪ್ಪೆಯ ಮಡಿಕೆ ಇನ್ನೊಂದಕ್ಕಿಂತ ಆಳವಾಗಿರಬಹುದು. ಬಡಿಸುವಾಗ ಬಲಗೈಯಲ್ಲಿ ಸೌಟು ಇರುತ್ತದೆ, ಬೆವರನ್ನು ಎಡಗೈಯಿಂದ ಒರೆಸಿಕೊಳ್ಳುತ್ತೇವೆ, ಎಡಗಣ್ಣಿನ ಬಣ್ಣ ಅದರಿಂದಲೇ ಹೋಗಿರಬಹುದಲ್ಲವೇ? ಬಲಗೈ ಬಳಸುವವರು ಎರಡು ಕಣ್ಣಿಗೂ ಒಂದೇ ಒತ್ತಡದಲ್ಲಿ ಹಚ್ಚುವುದೂ ಇಲ್ಲ. ಕಣ್ಣು ಅದಲುಬದಲು ಮಾಡಿ ನೋಡದೆ ಪ್ರೈಮರಿಗೆ ಪೂರ್ತಿ ಅಂಕ ಕೊಡಲಾರೆ.

ಉಣಕಲ್ ಕಡೆಯವಳು (ಹುಬ್ಬಳ್ಳಿ)

ನ್ಯಾಯವಾದ ಮಾತು, ಟೀಚರ್. ಅದಲುಬದಲು ಮಾಡಿಯೂ ನೋಡಿದ್ದೇನೆ. ಕಚೇರಿಗೆ ಹೋಗುವ ದಿನ ಪ್ರೈಮರ್ ಎಡಗಣ್ಣಿಗೆ, ಬರಿ ರೆಪ್ಪೆ ಬಲಗಣ್ಣಿಗೆ. ಹೋಗಿ ಬರುವುದು ಚಿಗರಿ ಬಸ್ಸಿನ ಎಸಿಯಲ್ಲಿ, ಬಿಸಿಲು ತಾಗುವುದು ನಿಲ್ದಾಣದಿಂದ ಕಚೇರಿಯವರೆಗೆ ನಡೆಯುವಾಗ ಮಾತ್ರ. ಆಗಲೂ ಗೆರೆ ಬಿದ್ದದ್ದು ಪ್ರೈಮರ್ ಇಲ್ಲದ ಕಣ್ಣಿಗೇ. ಆದರೆ ಮದುವೆಯ ದಿನ ಅಕ್ಷತೆಯ ಹೊತ್ತಿಗೆ ಬಿದ್ದ ಗೆರೆ ಇಲ್ಲಿ ಸಂಜೆಯವರೆಗೂ ಕಾಣಿಸಲಿಲ್ಲ. ತಂಪಿನಲ್ಲಿ ಕೂರುವ ಕೆಲಸದವರಿಗೆ ಪ್ರೈಮರಿನ ಅಗತ್ಯ ಅಷ್ಟಿಲ್ಲ ಎಂದು ಇದರಿಂದ ನನಗೆ ಅನ್ನಿಸಿದೆ. ಏಪ್ರಿಲ್, ಮೇ ತಿಂಗಳಿನ 37-38 ಡಿಗ್ರಿಯಲ್ಲಿ ಹೊರಗೆ ದುಡಿಯುವವರಿಗೆ, ಮದುವೆಮನೆಯಲ್ಲಿ ಓಡಾಡುವವರಿಗೆ ಅದು ಕೊಟ್ಟ ಹಣಕ್ಕೆ ತಕ್ಕ ವಸ್ತು.

ಬೆಟಗೇರಿ ಮಗ್ಗದ ಮನೆ (ಗದಗ)

ಪ್ರೈಮರ್ ದಪ್ಪ ಹಚ್ಚಿದಷ್ಟೂ ಒಳ್ಳೆಯದು ಎಂದು ನಮ್ಮ ಓಣಿಯ ಹುಡುಗಿಯರು ತಿಳಿದಿದ್ದಾರೆ. ನಮ್ಮ ಮನೆಯಲ್ಲಿ ಹಾಸಿನ ಎಳೆಗಳಿಗೆ ಗಂಜಿ ಹಚ್ಚುವುದನ್ನು ನೋಡುತ್ತಾ ಬೆಳೆದವಳು ನಾನು. ಗಂಜಿ ಹದವಾಗಿದ್ದರೆ ಎಳೆ ಮಗ್ಗದ ತಿಕ್ಕಾಟವನ್ನು ತಾಳುತ್ತದೆ, ದಪ್ಪವಾದರೆ ಒಣಗಿ ಬಿರಿದು ಪುಡಿಯಾಗಿ ಉದುರುತ್ತದೆ, ಎಳೆಯೂ ತುಂಡಾಗುತ್ತದೆ. ಪ್ರೈಮರಿನದೂ ಅದೇ ಲೆಕ್ಕ. ಹಚ್ಚಿದ ಮೇಲೆ ಬೆರಳಿಗೆ ಪದರ ತಾಗುವಂತಿದ್ದರೆ ಅದು ಹೆಚ್ಚಾಯಿತು ಎಂದೇ ಅರ್ಥ.

ವೈನಿ, ನಿಮ್ಮ ಇಳಕಲ್ ಸೀರೆಯ ಸೆರಗು ಟೋಪ ತೆನಿ ವಿನ್ಯಾಸದ್ದೇ? ಫೋಟೋ ಹಾಕಿರಿ, ಬಣ್ಣ ನೋಡಬೇಕು.

ರಂಗಮಂಚ (ಗದಗ)

ಹೆಣ್ಣುಮಕ್ಕಳ ಮಾತಿನ ನಡುವೆ ಬಂದೆನೆಂದು ಬೇಸರಿಸಬೇಡಿ. ನಾಟಕದವರಿಗೆ ಬಣ್ಣ ಹಚ್ಚುವುದು ನನ್ನ ಕಸುಬು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಬೆಳಗಿದ ಊರು ನಮ್ಮದು. ವೀರೇಶ್ವರ ಪುಣ್ಯಾಶ್ರಮದ ನಾಟಕ ಕಂಪನಿಯ ಹೆಸರನ್ನು ಈ ಭಾಗದಲ್ಲಿ ಕೇಳದವರಿಲ್ಲ. ಬಣ್ಣ ಬೆಳಗಿನ ಜಾವದವರೆಗೆ ನಿಲ್ಲಬೇಕು ಎಂಬ ಚಿಂತೆ ನಮ್ಮವರಿಗೆ ಯಾವಾಗಲೂ ಇದ್ದದ್ದೇ.

ಹಳಬರು ಕೊಬ್ಬರಿ ಎಣ್ಣೆಯನ್ನು ತೆಳುವಾಗಿ ಸವರಿ, ಅದರ ಮೇಲೆ ಸಫೇತದ (ಬಿಳಿ ಪುಡಿಯ) ಬಣ್ಣ ಹಚ್ಚಿ, ಕೊನೆಗೆ ಪೌಡರನ್ನು ಬಟ್ಟೆಯ ಗಂಟಿನಿಂದ ತಟ್ಟಿ ತಟ್ಟಿ ಕೂರಿಸುತ್ತಿದ್ದರು. ಎಣ್ಣೆ ಇದ್ದರೂ ಬಣ್ಣ ನಿಲ್ಲುತ್ತಿದ್ದದ್ದು ಆ ಪೌಡರಿನ ಬಲದಿಂದ. ರಂಗದ ಬಣ್ಣ ದೂರದಿಂದ ನೋಡುವಂಥದ್ದು, ದಪ್ಪ ಪದರ ಅಲ್ಲಿ ನಡೆಯುತ್ತದೆ. ಮದುವೆಯಲ್ಲಿ ಎದುರು ನಿಂತು ಮಾತನಾಡುವವರು ನೋಡುತ್ತಾರೆ, ಅಲ್ಲಿ ನಡೆಯುವುದಿಲ್ಲ. ಪಾರ್ಲರಿನ ತಂಗಿ ಪುಡಿಯ ಬಗ್ಗೆ ಹೇಳಿದ್ದು ನೂರಕ್ಕೆ ನೂರು ನಿಜ.

ಒಂದು ಎಚ್ಚರಿಕೆ ಕೊಡುವುದು ನನ್ನ ಕರ್ತವ್ಯ. ಬಣ್ಣಗಾರರ ಹಳೆಯ ಪೆಟ್ಟಿಗೆಗಳಲ್ಲಿ ಅರದಾಳ, ಇಂಗಳೀಕ ಇನ್ನೂ ಸಿಗುತ್ತವೆ. ಅರದಾಳದಲ್ಲಿ ಇರುವುದು ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ. ಕಾಲೇಜಿನ ಗ್ಯಾದರಿಂಗಿಗೆ, ದೊಡ್ಡಾಟದ ಪ್ರದರ್ಶನಕ್ಕೆ ಯಾರಾದರೂ ಅವನ್ನು ಕಣ್ಣಿನ ಹತ್ತಿರ ತಂದರೆ ಕೈ ಹಿಡಿದು ತಡೆಯಿರಿ. ಚಂದದ ಬಣ್ಣವೆಂದು ಸುಮ್ಮನಿರಬೇಡಿ.

ಕಣ್ಣಿನ ವಿಭಾಗದ ನರ್ಸ್ (ಹುಬ್ಬಳ್ಳಿ)

ಕಾಕಾ ಹೇಳಿದ ಮಾತಿಗೆ ಸೇರಿಸುತ್ತೇನೆ. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಬಣ್ಣಕ್ಕಾಗಿ ಸೀಸದ ಅಥವಾ ಆರ್ಸೆನಿಕ್ಕಿನ ಸಂಯುಕ್ತಗಳನ್ನು ಬಳಸುವಂತಿಲ್ಲ. ಹೊರದೇಶದಿಂದ ತಂದ ಸರಕಾದರೆ ಪೊಟ್ಟಣದ ಮೇಲೆ ನೋಂದಣಿ ಪ್ರಮಾಣಪತ್ರದ ಸಂಖ್ಯೆಯೂ ಆಮದು ಮಾಡಿದವರ ಹೆಸರು ವಿಳಾಸವೂ ಇರಬೇಕು. ದೊಡ್ಡ ಹೆಸರಿನ ಪ್ರೈಮರ್ ಅರ್ಧ ಬೆಲೆಗೆ ಸಿಕ್ಕಿತು ಎಂದು ಸಂತೋಷಪಡುವ ಮೊದಲು ಅದನ್ನು ಹುಡುಕಿ. ಇಲ್ಲದಿದ್ದರೆ ಆ ಟ್ಯೂಬಿನೊಳಗೆ ಏನಿದೆ ಎಂಬುದಕ್ಕೆ ಯಾರೂ ಜವಾಬ್ದಾರರಲ್ಲ.

ಪ್ರೈಮರನ್ನು ಎವೆಯ ಬುಡದವರೆಗೆ ಮಾತ್ರ ತನ್ನಿರಿ, ರೆಪ್ಪೆಯ ಒಳ ಅಂಚಿಗೆ ಬೇಡ. ಆ ಅಂಚಿನಲ್ಲಿ ಸಾಲಾಗಿ ಸಣ್ಣ ಸಣ್ಣ ಬಾಯಿಗಳಿವೆ, ಮೈಬೋಮಿಯನ್ ಗ್ರಂಥಿಗಳವು. ಮೇಲಿನ ರೆಪ್ಪೆಯಲ್ಲಿ ಮೂವತ್ತರ ಆಸುಪಾಸು, ಕೆಳಗಿನದರಲ್ಲಿ ಇನ್ನೂ ಕಡಿಮೆ. ಅವು ಸುರಿಸುವ ಎಣ್ಣೆಯೇ ಕಣ್ಣೀರು ಬೇಗ ಆರದಂತೆ ಕಾಯುವುದು. ನೀರಿಗೂ ಎಣ್ಣೆಗೂ ಜಗ್ಗದ ಪೊರೆ ಆ ಬಾಯಿಗಳನ್ನು ದಿನವೂ ಮುಚ್ಚಿದರೆ ಕಣ್ಣು ಉರಿಯುತ್ತದೆ, ಅಂಚಿನಲ್ಲಿ ಗಂಟು, ಕುರು ಏಳುತ್ತವೆ. ಅಂಚಿನ ಒಳಗೆ ಕಾಡಿಗೆ ತುಂಬಿಕೊಳ್ಳುವವರು ರಾತ್ರಿ ತೊಳೆಯದೆ ಮಲಗಿದರೆ ಆಗುವುದೂ ಇದೇ.

ಟ್ಯೂಬಿನ ಹಿಂದೆ ತೆರೆದ ಡಬ್ಬಿಯ ಚಿತ್ರ, ಅದರಲ್ಲಿ 6ಎಂ ಅಥವಾ 12ಎಂ ಎಂದು ಇರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಎಂದು ಅರ್ಥ. ತೆರೆದ ದಿನವನ್ನು ಟ್ಯೂಬಿನ ಮೇಲೆಯೇ ಪೆನ್ನಿನಿಂದ ಬರೆದಿಡಿ. ಕಣ್ಣು ಕೆಂಪಾಗಿದ್ದಾಗ ಬಳಸಬೇಡಿ, ಬೇರೆಯವರಿಗೆ ಕೊಡಬೇಡಿ, ಕೇಳುವವರು ಸ್ವಂತ ತಂಗಿಯೇ ಆದರೂ.

ಸಪ್ತಾಪುರ ಹಾಸ್ಟೆಲ್ (ಧಾರವಾಡ)

ನರ್ಸ್ ಅಕ್ಕಾ, ನಾನು ಲೆನ್ಸ್ ಹಾಕುತ್ತೇನೆ. ಮೊದಲು ಲೆನ್ಸೋ ಪ್ರೈಮರೋ? ಮತ್ತೆ ನಮ್ಮ ಅಜ್ಜಿ ಔಡಲೆಣ್ಣೆಯ ದೀಪದ ಮಸಿಗೆ ತುಪ್ಪ ಬೆರೆಸಿ ಮಾಡಿಕೊಟ್ಟ ಕಾಡಿಗೆ ಇದೆ. ಅದನ್ನು ಬಿಡಲು ಮನಸ್ಸಿಲ್ಲ.

ಕಣ್ಣಿನ ವಿಭಾಗದ ನರ್ಸ್ (ಹುಬ್ಬಳ್ಳಿ)

ಕೈ ತೊಳೆದುಕೊಂಡು ಮೊದಲು ಲೆನ್ಸ್, ಆಮೇಲೆ ಮೇಕಪ್. ರಾತ್ರಿ ಮೊದಲು ಲೆನ್ಸ್ ತೆಗೆ, ಆಮೇಲೆ ಮೇಕಪ್ ಒರೆಸು. ಬೆರಳಿನಲ್ಲಿ ಉಳಿದ ಸಿಲಿಕೋನ್ ಲೆನ್ಸಿಗೆ ಅಂಟಿದರೆ ಮಬ್ಬು ಹೋಗುವುದೇ ಇಲ್ಲ. ಲೆನ್ಸ್ ಹಾಕುವವರು ಉದುರುವ ಶಿಮ್ಮರ್, ಗ್ಲಿಟರ್ ಬಳಸದಿರುವುದು ಒಳ್ಳೆಯದು.

ಅಜ್ಜಿಯ ಕಾಡಿಗೆಯ ಬಗ್ಗೆ ನಿನಗೆ ಬೇಸರವಾಗದಂತೆ ಹೇಳುವುದು ಕಷ್ಟ. ಮನೆಯ ಕಾಡಿಗೆಯಲ್ಲಿ ಸುರ್ಮಾದಂತೆ ಸೀಸದ ಭಯವಿಲ್ಲದಿದ್ದರೂ ಮಸಿಯ ಕಣಗಳೂ ತುಪ್ಪವೂ ಲೆನ್ಸಿನ ಮೇಲೆ ಕೂರುತ್ತವೆ. ಲೆನ್ಸ್ ಹಾಕಿದ ದಿನ ಬೇಡ, ಕನ್ನಡಕ ಹಾಕಿದ ದಿನವೂ ಕಣ್ಣಿನ ಒಳಗೆ ಬೇಡ.

ದಾಜಿಬಾನ ಪೇಟೆ ಪಾರ್ಲರ್ (ಹುಬ್ಬಳ್ಳಿ)

ಬಣ್ಣದ ಕಡೆಯಿಂದಲೂ ಅದೇ ಮಾತು. ತುಪ್ಪದ ಕಾಡಿಗೆ ಮೈಯ ಬಿಸಿಗೆ ಕರಗಿ ಪ್ರೈಮರಿನ ಅಂಚಿಗೆ ಹತ್ತಿದರೆ ಪೊರೆ ಅಲ್ಲಿಂದಲೇ ಬಿಡಿಸಿಕೊಳ್ಳುತ್ತದೆ. ಪ್ರೈಮರ್ ಇದ್ದ ದಿನ ಮೇಲಿನ ರೆಪ್ಪೆಗೆ ಆರಿ ಗಟ್ಟಿಯಾಗುವ ಜೆಲ್ ಲೈನರ್ ಬಳಸು. ಅಜ್ಜಿಯ ಕಾಡಿಗೆಯ ಬೊಟ್ಟನ್ನು ಕಿವಿಯ ಹಿಂದೆ ದೃಷ್ಟಿಗೆ ಇಟ್ಟುಕೊ, ಅವರಿಗೂ ಸಂತೋಷವಾಗುತ್ತದೆ.

ಹಾವೇರಿ ಗುತ್ತಲ ರಸ್ತೆ

ನಮ್ಮ ಅವ್ವನಿಗೆ ಅರವತ್ತು ದಾಟಿದೆ. ತಮ್ಮನ ಮದುವೆಯಲ್ಲಿ ಕಣ್ಣಿಗೆ ಸ್ವಲ್ಪ ಬಣ್ಣ ಹಚ್ಚಿಕೊಳ್ಳುವ ಆಸೆ ಆಕೆಗಿದೆ, ಬಾಯಿಬಿಟ್ಟು ಕೇಳಲು ಸಂಕೋಚ. ರೆಪ್ಪೆ ಜೋತಿದೆ, ಸುಕ್ಕು ಇದೆ. ನನ್ನಂತೆ ಒಣ ಚರ್ಮ. ಅವ್ವನಿಗೆ ಪ್ರೈಮರ್ ಬೇಡವೇ?

ದಾಜಿಬಾನ ಪೇಟೆ ಪಾರ್ಲರ್ (ಹುಬ್ಬಳ್ಳಿ)

ಬೇಕು, ಆದರೆ ಬೇರೆ ರೀತಿಯಲ್ಲಿ. ನೀನು ಬರೆದ ಬಿಗಿತ ಅವರಿಗೂ ಆಗುತ್ತದೆ, ಆದ್ದರಿಂದ ಅರ್ಧ ಗಂಟೆ ಮೊದಲು ಸುಗಂಧವಿಲ್ಲದ ಕ್ರೀಮನ್ನು ರೆಪ್ಪೆಗೆ ತುಸು ಹಚ್ಚಿ, ಬಣ್ಣದ ಹೊತ್ತಿಗೆ ಉಳಿದದ್ದನ್ನು ಟಿಶ್ಯೂ ಕಾಗದದಿಂದ ಒತ್ತಿ ತೆಗೆ. ಪ್ರೈಮರನ್ನು ರೆಪ್ಪೆಯ ತುಂಬ ಹಚ್ಚಬೇಡ, ಮಡಿಕೆ ಬೀಳುವ ಜಾಗದಲ್ಲಿ ಮಾತ್ರ ಸಾಕು. ಹೊರಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಕಿವಿಯ ಕಡೆಗೆ ಹಿಡಿದರೆ ಸುಕ್ಕಿನ ಒಳಗೂ ತಲುಪುತ್ತದೆ. ಆರುವವರೆಗೆ ಬೆರಳು ಬಿಡಬೇಡ.

ಶಿಮ್ಮರ್ ಬೇಡ, ಸುಕ್ಕನ್ನು ಎತ್ತಿ ತೋರಿಸುತ್ತದೆ. ಚರ್ಮಕ್ಕಿಂತ ಒಂದೇ ಛಾಯೆ ಗಾಢವಾದ ಕಂದು ಅಥವಾ ಮಾಸಲು ಗುಲಾಬಿ ಮ್ಯಾಟ್ ಇರಲಿ. ಕಣ್ಣು ತೆರೆದು ನೇರವಾಗಿ ನೋಡುವಾಗ ಎಲ್ಲಿ ಕಾಣುತ್ತದೋ ಅಲ್ಲಿಯವರೆಗೆ ಹಚ್ಚು. ಜೋತ ರೆಪ್ಪೆಯಲ್ಲಿ ಮಡಿಕೆಯ ಒಳಗೆ ಹಚ್ಚಿದ್ದು ಯಾರಿಗೂ ಕಾಣುವುದಿಲ್ಲ. ಮದುವೆಗೆ ಒಂದು ವಾರ ಮೊದಲು ಕಿವಿಯ ಹಿಂದೆ ಪ್ರೈಮರ್ ಹಚ್ಚಿ ಒಂದು ದಿನ ನೋಡು, ತುರಿಕೆ ಬಂದರೆ ಬೇರೆಯದು ಹುಡುಕೋಣ.

ರಾತ್ರಿ ತೆಗೆಯುವಾಗ ನೀರು, ಸೋಪು ಸಾಲದು. ಎಣ್ಣೆ ಬೆರೆತ ಮೇಕಪ್ ರಿಮೂವರನ್ನು ಹತ್ತಿಗೆ ಹಾಕಿ, ಮುಚ್ಚಿದ ಕಣ್ಣಿನ ಮೇಲೆ ಅರ್ಧ ನಿಮಿಷ ಇಟ್ಟು, ಕೆಳಮುಖವಾಗಿ ಒಂದೇ ಸಲ ಒರೆಸು. ಆ ವಯಸ್ಸಿನ ರೆಪ್ಪೆಯನ್ನು ಉಜ್ಜಲೇಬಾರದು. ಮದುವೆ ಯಾವಾಗ? ಹಾವೇರಿ ಕಡೆ ನನಗೆ ಕೆಲಸ ಇರುತ್ತದೆ. ಅವ್ವನವರಿಗೆ ಸಂಕೋಚವಾದರೆ ಮದುಮಗಳ ಮೇಕಪ್ಪಿಗೆ ಮೊದಲೇ, ಬೇರೆ ಕೋಣೆಯಲ್ಲಿ ನಾನೇ ಹಚ್ಚಿಕೊಡುತ್ತೇನೆ.

ಹಾವೇರಿ ಗುತ್ತಲ ರಸ್ತೆ

ವೈಶಾಖದಲ್ಲಿ, ಅಕ್ಕಾ. ದಿನಾಂಕ ಗೊತ್ತಾದ ಕೂಡಲೇ ಸಂದೇಶ ಕಳುಹಿಸುತ್ತೇನೆ. ಅವ್ವನಿಗೆ ಈಗಲೇ ಓದಿ ಹೇಳಿದೆ. ಮಾಸಲು ಗುಲಾಬಿಯೇ ಇರಲಿ ಎಂದಿದ್ದಾರೆ.